ಕಿಟಕಿಯಲ್ಲಿ ನಾಲ್ಕನೇ ಒಂದು ಪಾಲು

ಜೂನ್ 3

ಬಂದದ್ದಾಯಿತು, ಸಾಮಾನು ಇಳಿಸಿದ್ದಾಯಿತು. ಪಾಲಿಶ್ ಮಾಡುವ ಮೋಟರನ್ನು ಇಬ್ಬರು ಮಹಡಿಗೆ ಹೊತ್ತು ತರುತ್ತಿದ್ದಾಗ ಒಬ್ಬ ಕೇಳಿದ, "ಅಮ್ಮಾ, ಇದ್ರಲ್ಲಿ ಏನ್ ರುಬ್ತೀರಾ?" ಹಲ್ಲು ಎಂದೆ. ಆಮೇಲೆ ಅವನು ನನ್ನ ಮುಖವನ್ನೂ ನೋಡಲಿಲ್ಲ, ಮಹಡಿಗೆಂದು ಕೂಲಿಯನ್ನೂ ಹೆಚ್ಚಿಗೆ ಕೇಳಲಿಲ್ಲ.

ಬಾಡಿಗೆ ಮನೆಯ ಯಜಮಾನ ಮನೆ ಮಾರಿದ ಮೇಲೆ ನನಗೆ ಬೇರೆ ದಾರಿ ಇರಲಿಲ್ಲ. ಇಷ್ಟು ವರ್ಷ ಊರವರಿಗೆಲ್ಲ ಕಟ್ಟುಹಲ್ಲು ಮಾಡಿಕೊಟ್ಟು ಉಳಿಸಿದ ದುಡ್ಡಿಗೆ ಇಡೀ ಮನೆ ಬರುವುದಿಲ್ಲ, ಮನೆಯ ನಾಲ್ಕನೇ ಒಂದು ಪಾಲು ಬರುತ್ತದೆ. ಹಾಗಾಗಿ ಈ ಕೂಟಕ್ಕೆ ಸೇರಿದೆ. ಸುತ್ತ ಹತ್ತು ಮನೆ, ನಡುವೆ ಅಂಗಳ, ಅಂಗಳದ ತುದಿಗೆ ಎಲ್ಲರಿಗೂ ಸೇರಿ ಒಂದು ದೊಡ್ಡ ಅಡುಗೆಮನೆ. ಒಂದೊಂದು ಮನೆಯನ್ನೂ ಮೂರು ನಾಲ್ಕು ಜನ ಕೂಡಿ ಕೊಂಡಿದ್ದಾರೆ, ಖರ್ಚನ್ನೂ ಕೂಡಿಯೇ ಹೊರುತ್ತಾರೆ. ರಕ್ತಸಂಬಂಧವಿಲ್ಲ, ಇಷ್ಟಪಟ್ಟು ಸೇರಿದವರಂತೆ. ನಾನಂತೂ ಇಷ್ಟಪಟ್ಟು ಸೇರಿದವಳಲ್ಲ, ಲೆಕ್ಕ ಹಾಕಿ ಸೇರಿದವಳು.

ಆರು ತಿಂಗಳು ಪರೀಕ್ಷೆಯ ಅವಧಿ. ಡಿಸೆಂಬರಿನಲ್ಲಿ ಅವರು ನನ್ನನ್ನು ಒಪ್ಪಬೇಕು, ನಾನು ಅವರನ್ನು ಒಪ್ಪಬೇಕು, ಆಗ ಪತ್ರಕ್ಕೆ ಸಹಿ. ಇಲ್ಲದಿದ್ದರೆ ನನ್ನ ದುಡ್ಡು ನನ್ನ ಕೈಗೆ. ತಮ್ಮ ಆಗಲೇ ಫೋನ್ ಮಾಡಿದ್ದ. ಅವನ ಮನೆ ಪಕ್ಕದಲ್ಲಿ ಒಂದು ಪುಟ್ಟ ಬಾಡಿಗೆ ಮನೆ ನೋಡಿಟ್ಟಿದ್ದಾನಂತೆ. "ಅಕ್ಕಾ, ನಿನ್ನ ಕೋಪಕ್ಕೆ ಆ ಜನ ಆರು ತಿಂಗ್ಳು ತಡ್ಕೊಂಡ್ರೆ ಹೆಚ್ಚು. ನಾನು ಆ ಮನೆ ಮಾಲೀಕರ ಹತ್ರ ಹೇಳಿಟ್ಟಿರ್ತೀನಿ." ನನಗೆ ಕೋಪವೆಲ್ಲಿ ಬರುತ್ತದೆ? ಮೂರ್ಖರ ಜೊತೆ ಮಾತಾಡುವಾಗ ಮಾತ್ರ ಬರುತ್ತದೆ.

ಕೋಣೆಯ ವಿಷಯ ಮಾತ್ರ ಒಪ್ಪಿಕೊಳ್ಳಬೇಕು. ಪಾಲು ಮಾರಿ ಹೋದವರು ಬಿಟ್ಟ ಮಹಡಿಯ ಮುಂದಿನ ಕೋಣೆ, ಉತ್ತರಕ್ಕೆ ದೊಡ್ಡ ಕಿಟಕಿ, ಕೆಳಗೆ ರಸ್ತೆ. ಹಲ್ಲಿನ ಬಣ್ಣ ಹೊಂದಿಸುವವರಿಗೆ ಉತ್ತರದ ಬೆಳಕಿಗಿಂತ ಬೇರೆ ಭಾಗ್ಯವಿಲ್ಲ. ನೇರ ಬಿಸಿಲಿಲ್ಲ, ನೆರಳಿಲ್ಲ, ಬಿಳಿಯಲ್ಲಿ ಎಷ್ಟು ಬಗೆಯ ಬಿಳಿ ಇದೆಯೋ ಅಷ್ಟೂ ಕಾಣುತ್ತದೆ. ಮೇಜನ್ನು ಕಿಟಕಿಗೆ ಒತ್ತಿಸಿ ಹಾಕಿದ್ದೇನೆ. ಸಾಯುವವರೆಗೂ ಅದು ಅಲ್ಲಿಂದ ಅಲುಗುವುದಿಲ್ಲ.

ಜೂನ್ 8

ಅಲುಗುತ್ತದಂತೆ!

ಇವತ್ತು ಕಪಾಟಿಗೆ ಮೊಳೆ ಹೊಡೆಯುತ್ತಿದ್ದೆ. ಕೆಳಗಿನ ಮುಂದಿನ ಕೋಣೆಯ ಮೇಷ್ಟ್ರು ಬಂದು ಬಾಗಿಲಲ್ಲಿ ನಿಂತು ಕೆಮ್ಮಿದರು. ಶಾಲೆಯಲ್ಲಿ ಗಣಿತ ಹೇಳುವವರು, ಈ ಮನೆಯ ನಿಯಮಗಳನ್ನೆಲ್ಲ ಬರೆದವರೂ ಅವರೇ.

"ಅಷ್ಟೊಂದು ಮೊಳೆ ಬೇಕಾ?"

"ಕಪಾಟು ಭಾರ ಇದೆ."

"ಅದಲ್ಲ... ಡಿಸೆಂಬರ್‌ನಲ್ಲಿ ಮತ್ತೆ ಕೀಳ್ಬೇಕಲ್ಲಾ ಅಂದೆ."

ಇಲ್ಲಿ ಪ್ರತಿ ಡಿಸೆಂಬರಿನಲ್ಲಿ ಕೋಣೆ ಬದಲಾಯಿಸುತ್ತಾರೆ! ಮಹಡಿಯ ಮುಂದಿನ ಕೋಣೆಯವರು ಹಿಂದಿನದಕ್ಕೆ, ಅವರು ಕೆಳಗಿನ ಮುಂದಿನದಕ್ಕೆ, ಅವರು ಕೆಳಗಿನ ಹಿಂದಿನದಕ್ಕೆ, ಅಲ್ಲಿಯವರು ಮೇಲೆ ನನ್ನ ಕಿಟಕಿಗೆ. "ನಾವು ಕೊಂಡಿರೋದು ಮನೇಲಿ ನಾಲ್ಕನೇ ಒಂದು ಪಾಲು. ಕೋಣೆ ಕೊಂಡಿಲ್ಲ. ಒಳ್ಳೇ ಕಿಟಕೀಲೂ ನಾಲ್ಕನೇ ಒಂದು, ಕೆಟ್ಟ ಗೋಡೇಲೂ ನಾಲ್ಕನೇ ಒಂದು. ಅದು ತತ್ವ," ಎಂದರು. ಸೇರುವಾಗ ಕೊಟ್ಟ ಕಾಗದದಲ್ಲಿ ಇತ್ತಂತೆ. ಅಷ್ಟುದ್ದದ ಕಾಗದವನ್ನು ಯಾರು ಓದುತ್ತಾರೆ? ಉಳಿದ ಮೊಳೆಗಳನ್ನೂ ಅವರ ಎದುರೇ ಹೊಡೆದೆ.

ಆಮೇಲೆ ಹೋಗಿ ಮಹಡಿಯ ಹಿಂದಿನ ಕೋಣೆ ನೋಡಿಬಂದೆ. ಅಲ್ಲಿ ನರ್ಸಮ್ಮ ಇದ್ದಾಳೆ. ಆಸ್ಪತ್ರೆಯಲ್ಲಿ ಪಾಳಿ ಕೆಲಸ, ಎಚ್ಚರವಿರುವಷ್ಟು ಹೊತ್ತೂ ಮಾತು. ಕೋಣೆಯ ಕಿಟಕಿಗೆ ಎದುರಾಗಿ ಪಕ್ಕದ ಮನೆಯ ಗೋಡೆ. ಅದಕ್ಕೆ ಗಿಳಿ ಹಸಿರು ಬಣ್ಣ ಬಳಿದಿದ್ದಾರೆ, ಕೋಣೆಯ ಬೆಳಕೆಲ್ಲ ಹಸಿರು. ಕೈಯಲ್ಲಿದ್ದ ಮಾದರಿ ಹಲ್ಲನ್ನು ಅಲ್ಲಿ ಹಿಡಿದು ನೋಡಿದೆ, ಪಾಚಿ ಕಟ್ಟಿದ ಹಾಗಿತ್ತು. ಅಲ್ಲಿ ಕೂತು ನಾನು ಹಲ್ಲು ಮಾಡಿದರೆ ಗಿರಾಕಿಗಳು ನನ್ನ ಹಲ್ಲು ಉದುರಿಸುತ್ತಾರೆ.

ಈ ಕಿಟಕಿ ಸಿಕ್ಕರೆ ಇರುತ್ತೇನೆ. ಇಲ್ಲವೆಂದರೆ ಡಿಸೆಂಬರಿನಲ್ಲಿ ತಮ್ಮನ ಕಡೆಗೆ. ಇದನ್ನು ಇಲ್ಲಿ ಬರೆದಿಟ್ಟಿದ್ದೇನೆ, ಊಟದ ಹೊತ್ತಿಗೆ ಎಲ್ಲರಿಗೂ ಹೇಳಿಯೂ ಆಯಿತು. ಮೇಷ್ಟ್ರು ಬೆವರಿದರು. ನರ್ಸಮ್ಮ, "ಅಯ್ಯೋ, ಈಗಷ್ಟೇ ಬಂದಿದೀರಿ, ಹಲ್ಲಕ್ಕಾ!" ಎಂದಳು. ಹಲ್ಲಕ್ಕನಂತೆ. ನಾಮಕರಣ ಮಾಡುವ ಅಧಿಕಾರ ಇವಳಿಗೆ ಕೊಟ್ಟವರಾರು? ನಾಲ್ಕನೆಯವರು, ಕೆಳಗಿನ ಹಿಂದಿನ ಕೋಣೆಯ ನಿವೃತ್ತ ಬಸ್ ಡ್ರೈವರು, ತುಟಿ ಪಿಟಕ್ಕೆನ್ನದೆ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದರು. ಮೂವರಲ್ಲಿ ಅವರೇ ವಾಸಿ.

ಜೂನ್ 30

ಕರೆಂಟ್ ಬಿಲ್ಲು ಬಂತು. ಏರಿದೆ, ನನ್ನ ಮೋಟರಿನಿಂದಲೇ. ಯಾರಾದರೂ ಬಾಯಿ ಬಿಡುವ ಮೊದಲೇ ಹೇಳಿದೆ, ನನಗೆ ಬೇರೆ ಮೀಟರ್ ಹಾಕಿಸಿ, ನನ್ನ ಖರ್ಚು ನಾನು ಕೊಡುತ್ತೇನೆ, ಯಾರ ಹಂಗೂ ಬೇಡ. ಮೇಷ್ಟ್ರು, "ಹಾಗಾದ್ರೆ ನರ್ಸಮ್ಮನ ಬಿಸಿನೀರಿಗೊಂದು ಮೀಟರ್, ನನ್ನ ಓದೋ ದೀಪಕ್ಕೊಂದು ಮೀಟರ್. ಗೋಡೆ ತುಂಬ ಮೀಟರೇ ಆಗುತ್ತಲ್ಲ," ಎಂದರು. ಕೊನೆಗೆ ನಾಲ್ಕು ಸಮ ಪಾಲು.

ಸಮ ಪಾಲೆಂದರೆ ಸಮ ಹಕ್ಕು ಎಂದುಕೊಂಡು ನರ್ಸಮ್ಮ ಸಂಜೆ ಮಸಿ ಹಿಡಿದ ಪಾತ್ರೆಯೊಂದನ್ನು ತಂದು ಮೋಟರಿನ ಪಕ್ಕ ಇಟ್ಟಳು. "ಒಂದ್ಸಲ ಹಿಡಿದು ಬಿಡಿ ಹಲ್ಲಕ್ಕಾ." ಇದು ಹಲ್ಲಿನ ಮೋಟರು, ಪಾತ್ರೆ ಉಜ್ಜುವುದಕ್ಕಲ್ಲ ಎಂದು ಗದರಿದೆ. ಪಾತ್ರೆ ಮಾತ್ರ ಕನ್ನಡಿಯಂತಾಯಿತು.

ಜುಲೈ 14

ಜೋರು ಮಳೆ. ತಾರಸಿ ಸೋರುತ್ತದೆ, ಅದೂ ಸರಿಯಾಗಿ ನರ್ಸಮ್ಮನ ಹಾಸಿಗೆಯ ಮೇಲೆ. ಅವಳು ಬಕೆಟ್ ಇಟ್ಟುಕೊಂಡು ಅದರ ಪಕ್ಕ ಮುದುಡಿ ಮಲಗುತ್ತಾಳೆ. ಇಡೀ ತಾರಸಿಗೆ ಹೊಸ ಗಾರೆ ಹಾಕಿಸಬೇಕಂತೆ, ಮನೆ ಖರ್ಚಿನ ಕೂಡು ಡಬ್ಬಿಯಲ್ಲಿ ಅಷ್ಟು ದುಡ್ಡಿಲ್ಲ. ಅವಳ ಕೋಣೆ ಸೋರಿದರೆ ನಾನೇಕೆ ಕೊಡಬೇಕು ಎಂದು ಕೇಳಿದೆ. "ತಾರಸಿ ಅವಳ ಕೋಣೆ ಮೇಲಿಲ್ಲ, ಮನೆ ಮೇಲಿದೆ," ಎಂದರು ಮೇಷ್ಟ್ರು. ಈ ಮನುಷ್ಯನಿಗೆ ಉತ್ತರ ಕೊಡುವುದು ಕಷ್ಟ, ಯಾಕೆಂದರೆ ಮಾತು ಸರಿಯಾಗಿರುತ್ತದೆ.

ಜುಲೈ 22

ಡ್ರೈವರು ಮೇಲಿನ ಸಾಲಿನ ಹಲ್ಲಿನ ಸೆಟ್ ಕೈಜಾರಿ ಬೀಳಿಸಿ ಎರಡು ತುಂಡು ಮಾಡಿಕೊಂಡಿದ್ದಾರೆ. ಬ್ರೆಡ್ಡು ಚಹಾದಲ್ಲಿ ಅದ್ದುತ್ತಿದ್ದುದು ಅದಕ್ಕಂತೆ. ಇಷ್ಟು ದಿನ ಹೇಳಿಕೊಳ್ಳಲು ಸಂಕೋಚ. ಹಲ್ಲು ಮಾಡುವವಳನ್ನು ಮನೆಯಲ್ಲಿಟ್ಟುಕೊಂಡು! ಗದರಿ ಡಾಕ್ಟರ ಹತ್ತಿರ ಕಳಿಸಿದೆ. ಡಾಕ್ಟರು ಬಾಯಿಯ ಅಚ್ಚು ತೆಗೆದು ನನಗೇ ಕಳಿಸಿದರು.

ಇವತ್ತು ಬಣ್ಣ ನೋಡಲು ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದೆ. ಮಾದರಿ ಹಲ್ಲುಗಳನ್ನು ಒಂದೊಂದಾಗಿ ಅವರ ಕೆಳಗಿನ ಸ್ವಂತ ಹಲ್ಲಿನ ಪಕ್ಕ ಹಿಡಿದು ನೋಡುತ್ತಿದ್ದೆ. ಮನುಷ್ಯ ಕಲ್ಲಿನಂತೆ ಕೂತಿದ್ದರು, ಕಣ್ಣು ಮಾತ್ರ ಕೆಳಗೆ ರಸ್ತೆಯ ಮೇಲೆ. ಇಷ್ಟು ಶಾಂತವಾಗಿ ಕೂರುವ ಗಿರಾಕಿ ನನಗೆ ಸಿಕ್ಕಿರಲಿಲ್ಲ. ಚಹಾದ ಕಲೆಯಿರುವ ಹಳದಿ ಬಿಳಿ ಹೊಂದಿತು.

ಆಗಸ್ಟ್ 5

ಡ್ರೈವರ ಸೆಟ್ ಮುಗಿಯಿತು. ನನ್ನ ಬಾಯಿಂದ ನಾನೇ ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ಈ ವರ್ಷ ಇಂಥ ಕೆಲಸ ಮಾಡಿಲ್ಲ. ಹಾಕಿಕೊಂಡು ಸೇಬು ಕಚ್ಚಿ ತೋರಿಸಿದರು. ನರ್ಸಮ್ಮ ಚಪ್ಪಾಳೆ ತಟ್ಟಿದಳು.

ಆಗಸ್ಟ್ 9

ಬಿಗಿಯಂತೆ!

ನನ್ನ ಸೆಟ್ ಬಿಗಿಯೇ? ಕೂರಿಸಿ ನೋಡಿದೆ. ಎಲ್ಲೂ ಕೆಂಪಾಗಿಲ್ಲ, ಒತ್ತಿದ ಗುರುತಿಲ್ಲ. "ಎಲ್ಲಿ ಒತ್ತುತ್ತೆ?" ಎಂದರೆ, "ಇಲ್ಲೇ ಎಲ್ಲೋ, ಅಮ್ಮಾ," ಎನ್ನುತ್ತಾರೆ. ನೋವೇನೋ ನಿಜವೇ ಇರಬೇಕು. ಸ್ಟೂಲಿನ ಮೇಲೆ ಕೂತಿದ್ದಾಗ ಇದ್ದಕ್ಕಿದ್ದಂತೆ ಬಲಗಾಲನ್ನು ನೆಲಕ್ಕೆ ಒತ್ತಿ ಹಿಡಿದರು. ಪಾಪ, ಬಾಯಿಬಿಟ್ಟು ಹೇಳದೆ ಕಾಲಲ್ಲಿ ತಡೆದುಕೊಳ್ಳುತ್ತಾರೆ. ಒಂದು ಅಂಚನ್ನು ಸ್ವಲ್ಪ ಉಜ್ಜಿ ಕೊಟ್ಟೆ.

ಆಗಸ್ಟ್ 16

ಮತ್ತೆ ಬಿಗಿ, ಮತ್ತೆ ಕಾಲು ಒತ್ತಿದರು. ಮತ್ತೆ ಉಜ್ಜಿದೆ. ನನ್ನ ವೃತ್ತಿಯಲ್ಲಿ ಒಂದೇ ಸೆಟ್ ಇಷ್ಟು ಸಲ ವಾಪಸ್ ಬಂದದ್ದಿಲ್ಲ. ಮನಸ್ಸು ಕೆಟ್ಟುಹೋಗಿದೆ.

ಆಗಸ್ಟ್ 29

ಮತ್ತೆ. ಈ ಸಲ ಕೆಳಗೇ ನೋಡೋಣ, ಊಟದ ಮೇಜಿನ ಹತ್ತಿರ ಕೂತುಕೊಳ್ಳಿ ಎಂದೆ. "ಬೇಡಮ್ಮಾ, ನಿಮಗೆ ಬೆಳಕು ಬೇಕಲ್ಲ, ಮೇಲೇ ಬರ್ತೀನಿ," ಎಂದು ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಕೆಲಸಕ್ಕೆ ಬೆಳಕು ಎಷ್ಟು ಮುಖ್ಯವೆಂದು ಈ ಮನೆಯಲ್ಲಿ ಅರ್ಥವಾಗಿರುವುದು ಅವರೊಬ್ಬರಿಗೇ. ಡಿಸೆಂಬರಿನಲ್ಲಿ ನನ್ನ ಪರ ಮಾತಾಡುತ್ತಾರೆ ಎಂದುಕೊಂಡಿದ್ದೇನೆ.

ಸೆಪ್ಟೆಂಬರ್ 12

ಒಂದು ಉಪಾಯ ಹೊಳೆಯಿತು, ಹೊಳೆದ ತಕ್ಷಣ ಹೇಳಿಯೂ ಬಿಟ್ಟೆ. ತಾರಸಿಯ ರಿಪೇರಿಯ ಪೂರ್ತಿ ಖರ್ಚು ನನ್ನದು. ಅದಕ್ಕೆ ಬದಲಾಗಿ ಮುಂದಿನ ಕೋಣೆ ಖಾಯಂ ನನಗೆ. ಉಳಿದ ಮೂವರು ಉಳಿದ ಮೂರು ಕೋಣೆಗಳಲ್ಲಿ ಸುತ್ತಿಕೊಳ್ಳಲಿ.

ಮೇಷ್ಟ್ರ ಮುಖ ನೋಡಬೇಕಿತ್ತು. ಒಂದು ಕಡೆ ತತ್ವ, ಇನ್ನೊಂದು ಕಡೆ ತಾರಸಿ. "ಕೋಣೆಗೆ ಬೆಲೆ ಕಟ್ಟೋಕೆ ಶುರು ಮಾಡಿದ್ರೆ ಆಮೇಲೆ ಬಾಗಿಲಿಗೆ, ಮೆಟ್ಟಿಲಿಗೆ..." ಎಂದು ಏನೋ ಹೇಳಲು ಹೋದರು. ಅಷ್ಟರಲ್ಲಿ ಮೇಲಿಂದ ನರ್ಸಮ್ಮನ ಬಕೆಟ್ಟಿಗೆ ನೀರು ತೊಟ್ಟಿಕ್ಕುವ ಸದ್ದು ಕೇಳಿಸಿತು. ತಲೆ ಎತ್ತಿ ಮೇಲೆ ನೋಡಿದರು. ಡಿಸೆಂಬರಿನ ಸಭೆಯಲ್ಲಿ ತೀರ್ಮಾನ. ಇಲ್ಲಿನ ಸಭೆಯಲ್ಲಿ ಮತ ಎಣಿಸುವುದಿಲ್ಲ. ಒಬ್ಬರೂ ಬೇಡ ಎನ್ನದಿದ್ದರೆ ಪಾಸು, ಒಬ್ಬರು ಬೇಡ ಎಂದರೂ ಬಿತ್ತು. ಬೇಡ ಎಂದವರು ಕಾರಣ ಹೇಳಬೇಕು.

ತಮ್ಮನಿಗೆ ಹೇಳಿದೆ. "ಕಿಟಕಿಗೋಸ್ಕರ ತಾರಸಿ ಕೊಂಡ್ಯಾ? ಇಲ್ಲಿ ಬಾಡಿಗೆ ಮನೇಲಿ ಎರಡು ಕಿಟಕಿ ಇದೆ ಕಣೇ," ಎಂದ. ಉತ್ತರಕ್ಕೆ ಇದೆಯಾ ಎಂದರೆ ದಿಕ್ಕು ಗೊತ್ತಿಲ್ಲವಂತೆ. ದಿಕ್ಕು ಗೊತ್ತಿಲ್ಲದವನು ನನಗೆ ದಾರಿ ತೋರಿಸುತ್ತಾನೆ.

ಅಕ್ಟೋಬರ್ 4

ಮೋಟರಿನ ಮುಂದೆ ಸಾಲು ನಿಂತಿದೆ. ಎದುರು ಮನೆಯವರ ಕತ್ತರಿ, ಅಡುಗೆಮನೆಯ ಚಮಚಗಳು, ಯಾರದೋ ಬೆಲ್ಟಿನ ಬಕಲ್. ಮೇಷ್ಟ್ರ ಕನ್ನಡಕದ ಗಾಜಿನ ಗೀರು ತೆಗೆಯಲು ಹೋಗಿ ಗಾಜೇ ಮಬ್ಬಾಯಿತು. ಅವರು ಬೇಸರ ಮಾಡಿಕೊಳ್ಳಲಿಲ್ಲ, "ಈಗ ಎಲ್ಲರೂ ಸುಂದರವಾಗಿ ಕಾಣ್ತಾರೆ," ಎಂದರು. ಹೊಸ ಗಾಜು ಹಾಕಿಸಿಕೊಟ್ಟೆ. ಅದರ ಖರ್ಚನ್ನೂ ನಾಲ್ಕು ಪಾಲು ಮಾಡಬೇಕೆಂದು ನರ್ಸಮ್ಮ ಹಟ ಹಿಡಿದಳು. ಹುಚ್ಚು ಜನ.

ನಿನ್ನೆ ಕೆಲಸದ ನಡುವೆ ಊಟ ಮರೆತಿದ್ದೆ. ಬಾಗಿಲು ತೆರೆದಾಗ ಹೊರಗೆ ತಟ್ಟೆ ಮುಚ್ಚಿಟ್ಟಿತ್ತು. ಯಾರಿಟ್ಟರೆಂದು ಕೇಳಿದರೆ ಮೂವರೂ ತಾವಲ್ಲ ಎನ್ನುತ್ತಾರೆ.

ಅಕ್ಟೋಬರ್ 19

ಮರ್ಯಾದೆ ಹೋಯಿತು.

ದೊಡ್ಡ ಅಡುಗೆಮನೆಯಲ್ಲಿ ಹತ್ತು ಮನೆಯವರೂ ಸೇರಿ ಊಟಕ್ಕೆ ಕೂತಿದ್ದೆವು. ನರ್ಸಮ್ಮ ಆಸ್ಪತ್ರೆಯ ಕಥೆ ಹೇಳುತ್ತಿದ್ದಳು. ಒಬ್ಬ ರೋಗಿ ಇನ್ನೊಬ್ಬನ ಔಷಧಿ ಕುಡಿದು, ಅವನಿಗಿಂತ ಮೊದಲೇ ವಾಸಿಯಾಗಿ ಮನೆಗೆ ಹೋದನಂತೆ. ಡ್ರೈವರಣ್ಣ ಬಾಯಿ ತುಂಬ ನಕ್ಕರು. ಸೆಟ್ ಹಾರಿ ಸೂಪಿನ ಬಟ್ಟಲಿಗೆ ಬಿತ್ತು. ಸೂಪು ಮೇಷ್ಟ್ರ ಅಂಗಿಗೆ ಹಾರಿತು. ಡ್ರೈವರಣ್ಣ ಚಮಚದಲ್ಲಿ ಅದನ್ನು ಮೆಲ್ಲಗೆ ಎತ್ತಿ, "ಕೊನೇ ಸ್ಟಾಪ್, ಇಳೀರಿ," ಎಂದರು. ಹೊಟ್ಟೆ ಹುಣ್ಣಾಗುವಂತೆ ಎಲ್ಲರೂ ನಕ್ಕರು, ನಾನೊಬ್ಬಳನ್ನು ಬಿಟ್ಟು. ಬಿಗಿ ಬಿಗಿ ಎಂದದ್ದಕ್ಕೆಲ್ಲ ಉಜ್ಜಿ ಉಜ್ಜಿ ಒಳ್ಳೆಯ ಸೆಟ್ಟನ್ನು ನಾನೇ ಸಡಿಲ ಮಾಡಿಟ್ಟಿದ್ದೇನೆ. ಹಾಕಿಕೊಂಡವರು ಏನು ಹೇಳಿದರೂ ಕಣ್ಣಿಗೆ ಕಂಡದ್ದನ್ನು ನಂಬಬೇಕಿತ್ತು.

ಹೊಸದು ಮಾಡಿಕೊಡುತ್ತೇನೆ, ದುಡ್ಡು ಬೇಡ ಎಂದೆ. ಅವರ ಮುಖ ಅರಳಿತು. "ಹಾಗಾದ್ರೆ ಮತ್ತೆ ಬಣ್ಣ ನೋಡ್ಬೇಕಾಗುತ್ತಲ್ವಾ?" ಎಂದು ಕೇಳಿದರು. ಬಣ್ಣ ಗೊತ್ತಿದೆ, ಬೇಕಿಲ್ಲ ಎಂದೆ. ಬಾಡಿದಂತೆ ಕಂಡಿತು. ಸೂಪು ಕಳೆದುಕೊಂಡ ಬೇಜಾರಿರಬೇಕು.

ನವೆಂಬರ್ 10

ಹೊಸ ಸೆಟ್ ಕೊಟ್ಟೆ. ಈ ಸಲ ಎಲ್ಲಿ ಬೇಕಾದರೂ ನಗಬಹುದು.

ನವೆಂಬರ್ 17

ಏನು ಬರೆಯುವುದೋ ಗೊತ್ತಾಗುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಡ್ರೈವರಣ್ಣ ಮೇಲೆ ಬಂದರು. ನಾನು ಹೇಳುವ ಮೊದಲೇ ಸ್ಟೂಲಿನ ಮೇಲೆ ಕೂತರು. "ಯಾಕೋ ಬಿಗಿ ಅನ್ಸುತ್ತಮ್ಮಾ," ಎಂದರು. ಮಾತು ಸ್ವಲ್ಪ ತೊದಲಿತು. ನನಗೆ ನೆತ್ತಿಗೇರಿತು. ಮೊದಲ ಸೆಟ್ಟಿನ ಕಥೆ ಮತ್ತೆ ಶುರುವಾಯಿತು ಎಂದುಕೊಂಡೆ. "ಬಾಯಿ ತೆಗೀರಿ," ಎಂದೆ.

ತೆಗೆದರು. ಬಾಯಿ ಖಾಲಿ! ಸೆಟ್ಟೇ ಇಲ್ಲ. ಕೆಳಗೆ ಕೋಣೆಯಲ್ಲಿ ನೀರಿನ ಲೋಟದಲ್ಲಿ ಬಿಟ್ಟು ಬಂದಿದ್ದಾರೆ. ಹಾಕಿಕೊಳ್ಳದ ಸೆಟ್ ಬಿಗಿ!

ಒಳ್ಳೆಯ ಮಾತುಗಳನ್ನೇ ಜೋಡಿಸಿಕೊಂಡಿದ್ದೆ, ಬೈಯಲು. ಆಗ ಕೆಳಗೆ ತಿರುವಿನಲ್ಲಿ ಬಸ್ಸೊಂದು ಬಂತು. ಅವರು ತೆರೆದ ಬಾಯಿ ತೆರೆದ ಹಾಗೇ ಅದರತ್ತ ನೋಡಿದರು. ಬಲಗಾಲು ನೆಲವನ್ನು ಮೆಲ್ಲಗೆ ಒತ್ತಿತು. ಬಸ್ಸು ನಿಧಾನವಾಯಿತು, ತಿರುಗಿತು, ಮುಂದೆ ಹೋಯಿತು. ಕಾಲು ಮೇಲಕ್ಕೆ ಬಂತು. "ಚೆನ್ನಾಗಿ ತಿರುಗಿಸ್ದ, ಹುಡುಗ," ಎಂದರು. ನನಗಲ್ಲ, ಯಾರಿಗೂ ಅಲ್ಲ.

ಅದು ನೋವಲ್ಲ, ಬ್ರೇಕು. ಆಗಸ್ಟಿನಿಂದ ಈ ಮನುಷ್ಯ ನನ್ನ ಕಿಟಕಿಯಲ್ಲಿ ಕೂತು ಬಸ್ಸು ಓಡಿಸುತ್ತಿದ್ದಾರೆ, ನಾನು ಅವರ ಹಲ್ಲು ಉಜ್ಜುತ್ತಿದ್ದೇನೆ.

ಆಮೇಲೆ ಅವರಿಗೆ ತಮ್ಮ ಬಾಯಿಯ ನೆನಪಾಯಿತು. ನಾಲಿಗೆಯಿಂದ ಮೇಲಿನ ವಸಡು ಸವರಿ ನೋಡಿಕೊಂಡರು. ಮುಖ ಕೆಂಪಾಯಿತು. ಅಷ್ಟು ವಯಸ್ಸಾದವರು ಹಾಗೆ ನಾಚಿಕೊಂಡದ್ದನ್ನು ನೋಡಿ, ಜೋಡಿಸಿಕೊಂಡಿದ್ದ ಬೈಗುಳವನ್ನೆಲ್ಲ ನುಂಗಿಕೊಂಡೆ.

"ಹೌದು, ಸ್ವಲ್ಪ ಬಿಗಿ ಇದೆ. ಕೂತಿರಿ, ಸರಿ ಮಾಡ್ತೀನಿ," ಎಂದೆ. ಅವರ ಕಡೆ ಬೆನ್ನು ಹಾಕಿ, ಮೋಟರು ಹಾಕಿ, ಅಡುಗೆಮನೆಯ ಚಮಚವೊಂದನ್ನು ಬಹಳ ಹೊತ್ತು ಉಜ್ಜಿದೆ. ಹಿಂದೆ ಸ್ಟೂಲು ಒಂದೊಂದು ಸಲ ಕಿರುಗುಟ್ಟುತ್ತಿತ್ತು. ಪ್ರತಿ ಸಲವೂ ಕೆಳಗೆ ಬಸ್ಸಿನ ಸದ್ದಿತ್ತು.

ನವೆಂಬರ್ 18

ನರ್ಸಮ್ಮನನ್ನು ಸುಮ್ಮನೆ ಕೇಳುವಂತೆ ಕೇಳಿದೆ, ಡ್ರೈವರಣ್ಣ ಈ ಮುಂದಿನ ಕೋಣೆಯಲ್ಲಿ ಯಾವಾಗ ಇದ್ದರು ಎಂದು. ಇರಲೇ ಇಲ್ಲವಂತೆ. ಮನೆ ಕೊಂಡ ವರ್ಷ ಚೀಟಿ ಎತ್ತಿದಾಗ ಅವರಿಗೆ ಹಸಿರು ಗೋಡೆಯ ಕೋಣೆ ಬಂತು. ಅಲ್ಲಿಂದ ಕೆಳಗಿನ ಮುಂದಿನದಕ್ಕೆ, ಅಲ್ಲಿಗೆ ಗೇಟು ಅಡ್ಡ, ರಸ್ತೆ ಕಾಣದು. ಅಲ್ಲಿಂದ ಹಿಂದೆ. ಕೆಳಗಿನ ಹಿಂದಿನ ಕೋಣೆಯ ಕಿಟಕಿಗೆ ಕಾಣುವುದು ಕಾಂಪೌಂಡು ಗೋಡೆ, ಅದರ ಮೇಲೆ ಒಣಹಾಕಿದ ನೆಲ ಒರೆಸುವ ಬಟ್ಟೆ. ಈ ಡಿಸೆಂಬರಿನಲ್ಲಿ ಮೊದಲ ಸಲ ಅವರ ಸರದಿ ಮೇಲಕ್ಕೆ ಬರುತ್ತದೆ. ಬರುತ್ತಿತ್ತು. "ನಿಮ್ಮ ತಾರಸಿ ವಿಷಯ ಕೇಳಿದ ಮೇಲೆ, ಹಲ್ಲಕ್ಕನಿಗೆ ಕೆಲ್ಸಕ್ಕೆ ಬೇಕು, ನನಗೇನು, ಹಸಿರು ಗೋಡೆ ಕಣ್ಣಿಗೆ ತಂಪು ಅಂದ್ರು," ಎಂದಳು.

ತಂಪಂತೆ. ಮೂರು ಕೋಣೆ ಸುತ್ತಿ ಬಂದ ಮನುಷ್ಯ ಇದು ನನ್ನ ಸರದಿ ಎಂದು ಒಂದು ಮಾತು ಆಡಬಾರದೇ? ಆಡಿದ್ದರೆ ನಾನು ಜಗಳವಾಡಿ ಗೆಲ್ಲಬಹುದಿತ್ತು. ಮಾತೇ ಆಡದವರ ಜೊತೆ ಹೇಗೆ ಜಗಳವಾಡುವುದು? ನನಗೆ ತುಂಬ ಸಿಟ್ಟು ಬಂದಿದೆ, ಯಾರ ಮೇಲೆಂದು ಗೊತ್ತಿಲ್ಲ.

ನವೆಂಬರ್ 25

ನರ್ಸಮ್ಮ ಪಾಳಿಗೆ ಹೋಗಿದ್ದಾಗ ಅವಳ ಕೋಣೆಗೆ ಹೋಗಿ ಅಳತೆ ತೆಗೆದೆ. ಸುಮ್ಮನೆ. ಮೇಜು ಕಿಟಕಿಗೆ ಅಡ್ಡಡ್ಡ ಹಾಕಿದರೆ ಹಿಡಿಸುತ್ತದೆ. ಮೋಟರು ಬಾಗಿಲ ಪಕ್ಕ. ಮೊಳೆಗಳಿಗೆ ಗೋಡೆ ಗಟ್ಟಿಯಿದೆ.

ನವೆಂಬರ್ 28

ಪಕ್ಕದ ಮನೆಯ ಯಜಮಾನರನ್ನು ಮಾತಾಡಿಸಿ ಬಂದೆ. ಹಸಿರು ಬಣ್ಣ ಅವರಿಗೂ ಇಷ್ಟವಿಲ್ಲವಂತೆ, ಅಂಗಡಿಯಲ್ಲಿ ಮಿಕ್ಕಿದ್ದೆಂದು ಅಗ್ಗಕ್ಕೆ ಸಿಕ್ಕಿತಂತೆ. "ನಿಮ್ಮ ಖರ್ಚಲ್ಲಿ ಬಿಳೀ ಬಣ್ಣ ಹೊಡಿಸೋದಾದ್ರೆ ಹೊಡಿಸ್ಕೊಳ್ಳಿ. ಬೇಕಿದ್ರೆ ಇಡೀ ಮನೆಗೇ ಹೊಡಿಸಿ," ಎಂದರು. ಆ ಒಂದು ಗೋಡೆ ಸಾಕು ಎಂದೆ. ಸುಮ್ಮನೆ ವಿಚಾರಿಸಿದೆ ಅಷ್ಟೇ.

ಡಿಸೆಂಬರ್ 1

ಸಭೆ ಆಯಿತು.

ಊಟದ ಮೇಜಿನ ಸುತ್ತ ನಾಲ್ವರು. ಮೇಷ್ಟ್ರು ಮಾತು ಶುರು ಮಾಡಿದರು. ಬಹಳ ಯೋಚಿಸಿದ್ದಾರಂತೆ. ತತ್ವ ಮನುಷ್ಯರಿಗಾಗಿ ಇರಬೇಕು, ಮನುಷ್ಯರು ತತ್ವಕ್ಕಾಗಿ ಅಲ್ಲ. ಹಲ್ಲಕ್ಕನ ಕೆಲಸಕ್ಕೆ ಆ ಬೆಳಕು ಬೇಕು, ಮನೆಗೆ ತಾರಸಿ ಬೇಕು, ಹಲ್ಲಕ್ಕನೂ ಬೇಕು. ಅವರೂ ಹಲ್ಲಕ್ಕ ಎಂದೇ ಅಂದರು. "ಮುಂದಿನ ಕೋಣೆ ಖಾಯಂ ಹಲ್ಲಕ್ಕನಿಗೆ, ತಾರಸಿ ಖರ್ಚು ಅವರದ್ದು. ಯಾರಾದ್ರೂ ಬೇಡ ಅನ್ನೋರಿದೀರಾ?"

ನರ್ಸಮ್ಮ ತಲೆ ಅಲ್ಲಾಡಿಸಿದಳು, ಇಲ್ಲ ಎಂದು. ಡ್ರೈವರಣ್ಣ ಮೇಜಿನ ಮೇಲಿನ ಬ್ರೆಡ್ಡಿನ ಪುಡಿಗಳನ್ನು ಬೆರಳಿಂದ ಒಂದು ಕಡೆ ಕೂಡಿಸುತ್ತ, "ಇಲ್ಲಪ್ಪಾ," ಎಂದರು. ಹೊಸ ಸೆಟ್ಟಿನಲ್ಲಿ ಮಾತು ಎಷ್ಟು ಸ್ಪಷ್ಟವಾಗಿತ್ತು!

"ಬೇಡ," ಎಂದೆ ನಾನು.

ಮೇಷ್ಟ್ರು ನನ್ನ ಕಡೆ ತಿರುಗಿದರು. "ಹಲ್ಲಕ್ಕಾ, ಇದು ನಿಮ್ಮದೇ ಸಲಹೆ."

"ಗೊತ್ತು. ಬೇಡ ಅಂತಿದೀನಿ. ಒಬ್ಬರು ಬೇಡ ಅಂದ್ರೂ ಬಿತ್ತು ಅಂತ ನೀವೇ ಬರೆದದ್ದಲ್ವಾ?"

"ಕಾರಣ ಹೇಳ್ಬೇಕು."

ನಿಜವಾದ ಕಾರಣ ನನ್ನ ಎದುರು ಕೂತು ಪುಡಿ ಕೂಡಿಸುತ್ತಿತ್ತು. ಅದನ್ನು ಸತ್ತರೂ ಹೇಳಲಾರೆ. "ಕೋಣೆಗೆ ಬೆಲೆ ಕಟ್ಟೋಕೆ ಶುರು ಮಾಡಿದ್ರೆ ಆಮೇಲೆ ಬಾಗಿಲಿಗೂ ಕಟ್ತಾರೆ, ಮೆಟ್ಟಿಲಿಗೂ ಕಟ್ತಾರೆ. ನಾನು ಕೊಂಡಿರೋದು ನಾಲ್ಕನೇ ಒಂದು ಪಾಲು. ತಾರಸಿಗೂ ಅಷ್ಟೇ ಕೊಡೋದು, ಒಂದು ಪೈಸೆ ಹೆಚ್ಚಿಗೆ ಕೊಡಲ್ಲ," ಎಂದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಗಾಜು ಹೊಸದು, ಮಬ್ಬಾಗಲು ಕಾರಣವೇ ಇಲ್ಲ.

ಎಲ್ಲರ ಮುಖ ಸಪ್ಪಗಾಗಿತ್ತು. ನನಗೆ ಅರ್ಥವೇ ಆಗಲಿಲ್ಲ. ಇಷ್ಟು ಒಳ್ಳೆಯ ಕಾರಣ ಕೊಟ್ಟಿದ್ದೇನೆ, ಮೆಚ್ಚಬಾರದೇ?

ಕೊನೆಗೆ ನರ್ಸಮ್ಮ, "ಹಾಗಾದ್ರೆ... ಯಾವಾಗ ಹೊರಡ್ತೀರಿ?" ಎಂದಳು. ಸದಾ ವಟಗುಟ್ಟುವವಳ ದನಿ ಒಡೆದಿತ್ತು.

ಡ್ರೈವರಣ್ಣ ಕೂಡಿಸಿದ್ದ ಪುಡಿಯನ್ನೆಲ್ಲ ಕೈಯಿಂದ ಚೆಲ್ಲಿಬಿಟ್ಟರು. ಅವರು ಇಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. "ನೋಡಮ್ಮಾ, ಆ ಕೋಣೆ ನನಗೆ ಬೇಡವೇ ಬೇಡ. ಈ ಮಂಡೀಲಿ ದಿನಾ ಮೆಟ್ಟಿಲು ಹತ್ತೋಕಾಗಲ್ಲ. ನೀವೇ ಇಟ್ಕೊಳ್ಳಿ. ತಾರಸಿಗೆ ದುಡ್ಡೂ ಕೊಡ್ಬೇಡಿ. ಕಿಟಕಿಗೋಸ್ಕರ ಮನೆ ಬಿಟ್ಟು ಹೋಗ್ಬೇಡಿ."

"ಹೋಗೋದಾ? ಎಲ್ಲಿಗ್ರೀ ಹೋಗೋದು?" ಎಂದೆ.

"ಕಿಟಕಿ ಸಿಗ್ಲಿಲ್ಲ ಅಂದ್ರೆ ಡಿಸೆಂಬರ್‌ಗೆ ಹೋಗ್ತೀನಿ ಅಂತ ಬಂದ ವಾರದಿಂದ ಹೇಳ್ತಾನೇ ಇದೀರಲ್ಲಾ!" ಎಂದಳು ನರ್ಸಮ್ಮ.

ಹೇಳಿದ್ದೆನೇ? ಹೇಳಿದ್ದೆನೇನೋ. ಮನುಷ್ಯರು ಹೊಸದಾಗಿ ಬಂದಾಗ ಏನೇನೋ ಹೇಳುತ್ತಾರೆ, ಅದನ್ನೆಲ್ಲ ಇವರು ನೆನಪಿಟ್ಟುಕೊಂಡು ಕೊರಗುತ್ತಿದ್ದರಂತೆ. "ನಾನು ಹೋದ್ರೆ ಪಕ್ಕದವರ ಹಸಿರು ಗೋಡೆಗೆ ಬಿಳೀ ಬಣ್ಣ ಹೊಡಿಸೋರು ಯಾರು? ಮಾತಾಡ್ಕೊಂಡು ಬಂದಿದೀನಿ, ನಾಲ್ಕು ಪಾಲು. ಮೊದಲು ತಾರಸಿ, ಆಮೇಲೆ ಗೋಡೆ. ನಮ್ಮ ಮನೇಲಿ ಒಂದು ಕೆಲ್ಸವೂ ಸಲೀಸಾಗಿ ಆಗಲ್ಲ. ಆ ಪತ್ರ ಕೊಡಿ ಇಲ್ಲಿ," ಎಂದು ಗದರಿ ಸಹಿ ಹಾಕಿದೆ. ನರ್ಸಮ್ಮ ಅಳುತ್ತ ನಗುತ್ತ ನನ್ನನ್ನು ತಬ್ಬಿಕೊಂಡಳು. ಮೇಷ್ಟ್ರು ಪಕ್ಕದವರ ಗೋಡೆಗೆ ನಾವು ಖರ್ಚು ಮಾಡುವುದು ಯಾವ ತತ್ವಕ್ಕೆ ಬರುತ್ತದೆಂದು ಯೋಚಿಸತೊಡಗಿದರು. ಡ್ರೈವರಣ್ಣ ಎದ್ದು ಮೆಟ್ಟಿಲ ಹತ್ತಿರ ಹೋಗಿ ಸಲೀಸಾಗಿ ಮೇಲೆ ಹತ್ತಿಹೋದರು, ಮಂಡಿ ಹಿಡಿದುಕೊಳ್ಳುವುದನ್ನೇ ಮರೆತು.

ಈಗ ತಾನೇ ತಮ್ಮನ ಫೋನ್.

"ಕಿಟಕಿ ಸಿಕ್ತಾ?"

"ಇಲ್ಲ."

"ನಾನು ಹೇಳ್ಲಿಲ್ವಾ! ಭಾನುವಾರ ಗಾಡಿ ತಗೊಂಡು ಬರ್ತೀನಿ, ಸಾಮಾನು ಕಟ್ಟಿಡು."

"ಗಾಡಿ ಬೇಡ. ನೀನೊಬ್ನೇ ಬಾ, ಮೋಟರು ಭಾರ ಇದೆ. ಮುಂದಿನ ಕೋಣೆಯಿಂದ ಹಿಂದಿನ ಕೋಣೆಗೆ ಹೊರ್ಬೇಕು," ಎಂದೆ.